ನಗುಮುಖದ ಗಂಡ

‘ಅನ್ನಾ ಕರೆನಿನಾ’ ಓದುವ ಗಂಡಸರೆಲ್ಲ ಒಂದಷ್ಟು ಪುಟ ಮುಗಿಯುವುದರೊಳಗೆ ತಮ್ಮನ್ನು ತಾವೇ ಲೆವಿನ್ ಪಟ್ಟಕ್ಕೆ ಕೂರಿಸಿಕೊಂಡಿರುತ್ತಾರೆ. ರೈತರ ಜೊತೆ ಹುಲ್ಲು ಕೊಯ್ದು ಬೆವರುವ, ಹೆಂಡತಿಯನ್ನು ಮನಸಾರೆ ಪ್ರೀತಿಸುವ ಸಜ್ಜನ ಅವನು. ನಾನೂ ಕಮ್ಮಿಯೇನಲ್ಲ. ನಮ್ಮನೆ ತುಳಸಿಗೆ ನೀರು ಹಾಕುವ ಜವಾಬ್ದಾರಿ ನನ್ನದು. ಮಳೆಗಾಲದಲ್ಲಂತೂ ಒಂದು ದಿನವೂ ತಪ್ಪಿದ್ದಿಲ್ಲ. ಲೆವಿನ್ ಮದುವೆಗೆ ಮುಂಚೆ ತನ್ನ ದಿನಚರಿಯನ್ನು ಮದುವೆಯಾಗಲಿದ್ದ ಹುಡುಗಿ ಕಿಟ್ಟಿಗೆ ಓದಲು ಕೊಟ್ಟ. ನಮ್ಮಲ್ಲಿ ಇರುವುದು ಹಾಲಿನ ಲೆಕ್ಕದ ಪುಸ್ತಕ. ಅದನ್ನು ಬರೆಯುವವಳೂ ನನ್ನ ಹೆಂಡತಿಯೇ.

ಹೆಣ್ಣಿನ ಮೇಲೆ ಗಂಡಸಿನ ಹಿಡಿತ ಎಂದರೇನೆಂದು ಮನೆಯವಳಿಗೆ ತಿಳಿಸಿಕೊಡೋಣ ಅಂತ ಒಂದು ಭಾನುವಾರ ಪುಸ್ತಕ ಹಿಡಿದು ಕೂತೆ. ಅವಳು ನೆನೆಸಿದ ಅವರೆಕಾಳು ಹಿತಕುತ್ತಿದ್ದಳು. ಕೈಗೆ ಬಿಡುವಿಲ್ಲದಿದ್ದರೇನು, ಕಿವಿ ಖಾಲಿ ಇತ್ತಲ್ಲ.

“1875ರಿಂದ ಧಾರಾವಾಹಿಯಾಗಿ ಬಂದ ಕಾದಂಬರಿ ಕಣೇ. ಆಗಿನ ರಷ್ಯಾದಲ್ಲಿ ಗಂಡ ಒಪ್ಪದೆ ಹೆಂಡತಿ ಬೇರೆ ವಾಸಮಾಡೋಕೆ ಪಾಸ್‌ಪೋರ್ಟೂ ಸಿಗ್ತಿರಲಿಲ್ಲ. ಅನ್ನಾಳ ಮೇಲೆ ಅನುಮಾನ ಬಂದ ರಾತ್ರಿ ಅವಳ ಗಂಡ ಕರೆನಿನ್ ಏನ್ ಮಾಡ್ದ ಗೊತ್ತಾ? ಆಡೋ ಮಾತನ್ನ ಕಚೇರಿ ಟಿಪ್ಪಣಿ ಥರ ತಯಾರಿಸ್ಕೊಂಡ. ಒಂದು, ಜನ ಏನಂತಾರೆ. ಎರಡು, ಮದುವೆಯ ಧಾರ್ಮಿಕ ಮಹತ್ವ. ಮೂರು, ಮಗನಿಗಾಗೋ ಕೇಡು. ನಾಲ್ಕು, ಅವಳಿಗೇ ಆಗೋ ದುಃಖ.”

“ಅವನಿಗೆ ಆದ ದುಃಖ?”

“ಪಟ್ಟಿಯಲ್ಲಿಲ್ಲ. ಸದ್ಯ, ನಾನು ಹಾಗಲ್ಲ.”

“ಛೇ, ನೀವು ಪಟ್ಟಿ ಹೇಳೋದು ತಿಂಡಿಗೆ ಮಾತ್ರ. ಆ ಮನೇಲಿ ಬೇರೆ ಯಾರೂ ಗಂಡಸರಿಲ್ವಾ?”

ಇದ್ದಾನೆ, ಅನ್ನಾಳ ಅಣ್ಣ ಸ್ಟೀವ. ಮಕ್ಕಳ ಪಾಠದವಳ ಜೊತೆಗಿನ ಅವನ ಗುಟ್ಟು ಬಯಲಾಗಿ, ಹೆಂಡತಿ ಡಾಲಿ ಚೀಟಿಯನ್ನು ಮುಖಕ್ಕೆ ಹಿಡಿದರೆ ಪುಣ್ಯಾತ್ಮ ಹಲ್ಲು ಕಿರಿದ. ಮನೆಯಲ್ಲಿ ಐದು ಮಕ್ಕಳು, ಅಡುಗೆಯವನು ಬಿಟ್ಟುಹೋಗಿದ್ದಾನೆ; ಇವನು ಓದುವ ಕೋಣೆಯ ಸೋಫಾದಲ್ಲಿ ಸೊಗಸಾದ ಕನಸು ಕಾಣುತ್ತ ಮಲಗಿದ್ದಾನೆ. ಅನ್ನಾಳೇ ಬಂದು ಅತ್ತಿಗೆಯನ್ನು ಸಮಾಧಾನಪಡಿಸಿ ಅಣ್ಣನ ಸಂಸಾರ ಉಳಿಸಿದಳು. ಮುಂದೆ ಅದೇ ದಾರಿ ಹಿಡಿದ ಅವಳಿಗೆ ಸಮಾಜ ಬಾಗಿಲು ಹಾಕಿತು, ಮಗನೂ ದಕ್ಕಲಿಲ್ಲ. ಕಡೆಗೆ ಅಣ್ಣನಿಗೆ ಒಳ್ಳೆ ಸಂಬಳದ ಹೊಸ ಹುದ್ದೆ, ತಂಗಿಗೆ ರೈಲಿನ ಗಾಲಿ.

ಅವಳ ಕೈ ನಿಂತಿತು. ನನ್ನ ಉಪನ್ಯಾಸ ನಾಟಿತೆಂದುಕೊಂಡೆ.

“ಈ ಸ್ಟೀವ ಕೆಟ್ಟವನೇನ್ರೀ?”

“ಅಯ್ಯೋ ಇಲ್ಲ, ಊರಿಗೆಲ್ಲ ಬೇಕಾದವನು. ಯಾವಾಗ್ಲೂ ನಗುಮುಖ. ಒಂದಿಷ್ಟು ಸಾಲ, ಅಷ್ಟೇ. ಅದಕ್ಕೇ ಕಾಡು ಮಾರಿದ, 38,000 ರೂಬಲ್‌ಗೆ.”

“ಯಾರ ಕಾಡು?”

“ಡಾಲಿದು. ತವರಿಂದ ಬಂದದ್ದು.”

“ಓಹೋ. ಕರೆನಿನ್ನೇ ವಾಸಿ ಬಿಡಿ. ಗಂಟುಮುಖದವನ ಹತ್ರ ಜಗಳ ಆದ್ರೂ ಆಡಬಹುದು. ನಗ್ತಾ ನಗ್ತಾ ಗಂಟು ಬಿಚ್ಚೋರನ್ನ ಏನಂತ ಬಯ್ಯೋದು? ಆಮೇಲೆ ಡಾಲಿ ಏನ್ ಮಾಡಿದ್ಲು?”

ಪುಸ್ತಕ ಮುಚ್ಚುವುದಕ್ಕೆ ಅದೇ ಒಳ್ಳೆಯ ಗಳಿಗೆಯಾಗಿತ್ತು. ಆದರೆ ಓದಿದವನಿಗೆ ಬಾಯಿ ಸುಮ್ಮನಿರುತ್ತದೆಯೇ? “ಕೊನೇ ಕಂತಿನ ರಶೀದಿಗೆ ಸಹಿ ಹಾಕಲ್ಲ, ಆಸ್ತಿ ನನ್ನದು ಅಂದ್ಲು” ಎಂದುಬಿಟ್ಟೆ.

“ಜಾಣೆ” ಎಂದು ಅವಳು ಮತ್ತೆ ಹಿತಕತೊಡಗಿದಳು.

ಅವಳ ಎಫ್‌ಡಿ ಮೇಲೆ ಸಾಲ ತೆಗೆದು ಕಾರು ಕೊಳ್ಳುವ ಒಂದು ಸಣ್ಣ ಯೋಜನೆ ನನ್ನದಿತ್ತು. ಸಹಿಗೆಂದು ಫಾರಂ ಕೊಟ್ಟು ವಾರ ಕಳೆದಿತ್ತು. ಆದಷ್ಟೂ ನಗುಮುಖದಿಂದಲೇ ಕೇಳಿದೆ, “ಆ ಫಾರಂ ಎಲ್ಲಿಟ್ಟಿದ್ದೀಯೇ?”

“ಇಲ್ಲೇ, ಸಿಪ್ಪೆ ಕೆಳಗೆ ಹಾಸಿದ್ದೀನಿ. ಎತ್ತಿಕೊಳ್ಳೋದಾದ್ರೆ ಸಿಪ್ಪೆ ಸಮೇತ ಎತ್ತಿ, ಆಚೆ ಹಸು ಬಂದಿದೆ.”