ಪಿಸ್ತೂಲು ಕೊಳ್ಳಲು ಹೊರಟ ಭಾವ

ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಕಾಯುವವನಿಗೆ ಪುಕ್ಕಟೆ ಸಿಗುವ ಸರಕು ಒಂದೇ, ಸಲಹೆ. ಬೋರ್‌ವೆಲ್ ಯಾವ ಮೂಲೆಯಲ್ಲಿ ಕೊರೆಸಬೇಕು, ತೆಂಗಿಗೆ ನುಸಿ ಬಿದ್ದರೆ ಏನು ಮಾಡಬೇಕು, ಹುಡುಗನನ್ನು ಪಿಯುಸಿಗೆ ಹಾಕಬೇಕೋ ಡಿಪ್ಲೊಮಾಕ್ಕೋ. ಕೇಳಿದರೂ ಹೇಳುತ್ತಾರೆ, ಕೇಳದಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಾರೆ. ಅಂಥ ಜಾಗದಲ್ಲಿ ನಮ್ಮ ಭಾವ ಟೀ ಲೋಟ ಕೆಳಗಿಟ್ಟು, “ನಮ್ ಹುಡುಗಿಗೆ ಒಂದು ಪಿಸ್ತೂಲ್ ಕೊಡಿಸ್ಬೇಕು ಕಣ್ರಪ್ಪ, ಯಾವ್ದು ತಗಳ್ಲಿ?” ಅಂದಾಗ ಎಲ್ಲರೂ ಒಮ್ಮೆ ಬಾಯಿ ಮುಚ್ಚಿದರು. ಮೊದಲು ಭಾವನ ಮುಖ ನೋಡಿದರು, ಆಮೇಲೆ ಅವನ ಮನೆಯ ದಿಕ್ಕು ನೋಡಿದರು. “ಯಾಕಪ್ಪಾ, ಜಮೀನಿನ ತಕರಾರು ಅಲ್ಲೀಗಂಟ ಹೋಯ್ತಾ?” ಎಂದರು ಒಬ್ಬ ಹಿರಿಯರು.

ತಕರಾರಲ್ಲ. ಹುಡುಗಿಗೆ ಹದಿನಾಲ್ಕು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದನ್ನು ಮೊಬೈಲಿನಲ್ಲಿ ನೋಡಿದ್ದಾಳೆ. ಒಂದು ಒಬ್ಬಳೇ ಗೆದ್ದದ್ದು, ಇನ್ನೊಂದು ಸರಬ್‌ಜೋತ್ ಸಿಂಗ್ ಜೊತೆಗೂಡಿ, ಎರಡೂ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ. ಅಂದಿನಿಂದ ಮಲೇಕಲ್ಲು ತಿರುಪತಿ ಜಾತ್ರೆಯ ಬಲೂನು ಅಂಗಡಿಯವನಿಗೆ ನಮ್ಮ ಹುಡುಗಿ ಎಂದರೆ ಭಯ. ಆ ಬಂದೂಕಿನ ನಳಿಗೆ ಯಾವ ಕಡೆಗೆ ಎಷ್ಟು ಡೊಂಕು ಎಂಬುದನ್ನು ಕಂಡುಕೊಂಡು, ಬಲೂನು ಬಿಟ್ಟು ಅದರ ಪಕ್ಕಕ್ಕೆ ಗುರಿಯಿಟ್ಟು ಬಲೂನನ್ನೇ ಹೊಡೆಯುವವಳು ಅವಳು. ಇದು ಸಾಮಾನ್ಯ ಬುದ್ಧಿಯಲ್ಲ ಎಂದು ಅವಳ ಮಾವನಾದ ನನಗೆ ಅನ್ನಿಸಿದರೆ ತಪ್ಪೇನು?

ಸಲಹೆಗಳು ಶುರುವಾದವು. ನಮ್ಮ ದೊಡ್ಡಪ್ಪನ ಪಿಸ್ತೂಲು ಜ್ಞಾನವೆಲ್ಲ 1968ರ ‘ಜೇಡರ ಬಲೆ’ ಸಿನಿಮಾದಲ್ಲಿ ಆರಂಭವಾಗಿ ಸಿಐಡಿ 999ನ ಕಾಲದಲ್ಲಿ ಪೂರ್ಣಗೊಂಡದ್ದು. ಕೋಟಿನ ಒಳಜೇಬಿನಲ್ಲಿ ಕೂರುವಂಥದ್ದೇ ಒಳ್ಳೆಯ ಪಿಸ್ತೂಲು ಎನ್ನುವುದು ಅವರ ತೀರ್ಮಾನ. ಹುಡುಗಿ ಹಾಕುವುದು ಶಾಲೆಯ ಯೂನಿಫಾರಂ, ಅದರಲ್ಲಿ ಒಳಜೇಬಿಲ್ಲ ಅಂದೆ. “ಹೊಲಿಸಿದ್ರಾಯ್ತು” ಎಂದರು. ಇನ್ನೊಬ್ಬರು, “ತಗಳೋದ್ ತಗತೀಯ, ತೋಟದ ಕೋತಿಗೂ ಆಗೋಹಂಗೆ ನೋಡು” ಎಂದರು. ಮೂರನೆಯವರು ಕೊಡಗಿನ ಕಡೆ ಒಂದಷ್ಟು ದಿನ ಇದ್ದು ಬಂದವರು. ಕೈಲ್ ಪೊಳ್ದ್ ಹಬ್ಬದಲ್ಲಿ ಅಲ್ಲಿನವರು ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತಾರೆ, ನಮ್ಮಲ್ಲೂ ಹಾಗೇ ಮಾಡಿಸೋಣ ಎಂದರು. ಅರಸೀಕೆರೆ ತಾಲ್ಲೂಕಿನಲ್ಲಿ ನಿಂತು ತೆಂಗಿನಕಾಯಿಗೆ ಗುಂಡು ಹೊಡೆಯೋಣ ಎನ್ನುವವನಿಗೆ ಟೀ ಕೊಡಿಸಿದ್ದೇ ದಂಡ. ಅದೂ ಅಲ್ಲದೆ ಕೊಡವರಿಗೆ ಕೋವಿ ಲೈಸೆನ್ಸಿನಿಂದ ಕಾನೂನಿನ ವಿನಾಯಿತಿ ಇದೆ, ಈಗಿನದು 2029ರವರೆಗೆ. ಗಂಡಸಿಯವರಿಗೆ ಅಂಥ ಭಾಗ್ಯವನ್ನು ಯಾವ ಸರ್ಕಾರವೂ ಕೊಟ್ಟಿಲ್ಲ. ಟೀ ಅಂಗಡಿಯ ಜಗಳಗಳನ್ನು ನೋಡಿದರೆ ಕೊಡದಿದ್ದದ್ದೇ ಕ್ಷೇಮ.

ಭಾವ ಮಾತ್ರ ಎಲ್ಲಿಂದಲೋ ಒಂದು ಮಾತು ಕಲಿತು ಬಂದಿದ್ದ. “ಪಾಯಿಂಟ್ ಟೂ ಟೂ ತಗಳಣ ಅಂತಿವ್ನಿ. ಚಿಕ್ಕದು, ಮಕ್ಕಳಿಗೆ ಹೇಳಿಮಾಡ್ಸಿದಂಗೆ.” ಅದನ್ನು ಕೇಳಿ ನನಗೆ ಎದೆ ಧಸಕ್ಕೆಂದಿತು. ಕ್ಯಾಲಿಬರ್ ಎನ್ನುವುದು ನಳಿಗೆಯ ಒಳಗಿನ ಅಗಲ. ಏರ್ ಪಿಸ್ತೂಲಿನದು 4.5 ಮಿಲಿಮೀಟರ್, ಪಾಯಿಂಟ್ ಟೂ ಟೂ ಎಂದರೆ 5.6 ಮಿಲಿಮೀಟರ್. ನಡುವೆ ಇರುವುದು ಒಂದು ಮಿಲಿಮೀಟರ್ ಚಿಲ್ಲರೆ. ಆದರೆ ಮೊದಲನೆಯದು ಗಾಳಿಯ ಒತ್ತಡಕ್ಕೆ ಹಾರುತ್ತದೆ, ಎರಡನೆಯದು ಮದ್ದು ಸಿಡಿದು ಹಾರುತ್ತದೆ. ಆ ಒಂದು ಮಿಲಿಮೀಟರಿನ ಸಂದಿಯಲ್ಲಿ ಹಾಸನದ ಡಿ.ಸಿ. ಆಫೀಸು, ಪೊಲೀಸ್ ವರದಿ, 1959ರ ಶಸ್ತ್ರಾಸ್ತ್ರ ಕಾಯ್ದೆ ಎಲ್ಲವೂ ಚಕ್ಕಳಮಕ್ಕಳ ಹಾಕಿ ಕೂತಿವೆ. ಇಪ್ಪತ್ತೊಂದು ತುಂಬದವರು ಮದ್ದಿನ ಆಯುಧವನ್ನು ಸ್ವಂತಕ್ಕೆ ಇಟ್ಟುಕೊಳ್ಳುವಂತಿಲ್ಲ. ತರಬೇತಿಗೆಂದು, ಕಲಿಸುವವರ ಕಣ್ಣೆದುರು ಬಳಸಲು ಮಾತ್ರ ದಾರಿಯಿದೆ. ಎನ್.ಸಿ.ಸಿ. ಮಕ್ಕಳು ಪಾಯಿಂಟ್ ಟೂ ಟೂ ರೈಫಲಿನಲ್ಲಿ ಗುರಿ ಕಲಿಯುವುದಿಲ್ಲವೇ, ಹಾಗೆ. ಏರ್ ಪಿಸ್ತೂಲಿನ ಕಥೆ ಬೇರೆ. 2016ರ ನಿಯಮದ ಪ್ರಕಾರ 4.5 ಮಿಲಿಮೀಟರ್ ಮೀರದ, ಇಪ್ಪತ್ತು ಜೂಲ್ ಶಕ್ತಿ ದಾಟದ ಗಾಳಿ ಆಯುಧಕ್ಕೆ ಲೈಸೆನ್ಸ್ ಬೇಡ. ಪಂದ್ಯದ ಏರ್ ಪಿಸ್ತೂಲಿನ ಶಕ್ತಿ ಅದರ ಅರ್ಧವೂ ಇರುವುದಿಲ್ಲ. ಹಾಗೆಂದು ಅದು ಆಟಿಕೆಯಲ್ಲ. ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು ಎಂದೇ ಲೆಕ್ಕ. ಕೋತಿಯ ಸಲಹೆ ಕೊಟ್ಟವರಿಗೂ ಇದೇ ಉತ್ತರ.

“ಹಂಗಾರೆ ಗಾಳಿ ಪಿಸ್ತೂಲೇ ಆಗ್ಲಿ. ಅಂಗಡಿಲಿ ದೊಡ್ಡದೊಂದು ನೋಡಿ ತಂದ್ಬಿಡ್ತೀನಿ” ಎಂದ ಭಾವ. ಮಗಳಿಗೆ ಚಪ್ಪಲಿ ತರುವಾಗ ಅವಳನ್ನೇ ಕರೆದುಕೊಂಡು ಹೋಗಿ ಕಾಲಿಗೆ ಹಾಕಿಸಿ ನೋಡುವ ಮನುಷ್ಯ, ಪಿಸ್ತೂಲಿಗೆ ಮಾತ್ರ ತನ್ನ ಕೈ ಅಳತೆ ಕೊಡುತ್ತಾನೆ! ಪಂದ್ಯದ ಪಿಸ್ತೂಲಿನ ಹಿಡಿ ಮರದ್ದು. ಚಿಕ್ಕದು, ಮಧ್ಯಮ, ದೊಡ್ಡದು ಎಂದು ಅಳತೆ ಇರುತ್ತದೆ, ಬಲಗೈಯದು ಬೇರೆ, ಎಡಗೈಯದು ಬೇರೆ. ನಮ್ಮ ಹುಡುಗಿ ಎಡಗೈಯವಳು. ಅವಳ ಅಜ್ಜಿ ಊಟಕ್ಕೆ ಬಲಗೈ ಅಭ್ಯಾಸ ಮಾಡಿಸುವಷ್ಟರಲ್ಲಿ ಹೈರಾಣಾದರು, ಚೆಂಡು ಎಸೆಯುವುದಕ್ಕೆ ಯಾರೂ ಮಾಡಿಸಲಾಗಲಿಲ್ಲ. ಬಲಗೈ ಹಿಡಿ ತಂದರೆ ಅದು ಶೋಕೇಸಿನಲ್ಲಿ ಬೇಲೂರಿನ ಗೊಂಬೆಯ ಪಕ್ಕ ನಿಲ್ಲುವುದಷ್ಟೇ.

ಬೇಲೂರು ಎಂದಾಗ ನೆನಪಾಯಿತು. ಅಲ್ಲಿನ ಚೆನ್ನಕೇಶವನ ಗುಡಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿ ಇದ್ದಾಳೆ. ಕನ್ನಡಿ ಹಿಡಿದವಳ ಮುಂದೆ ಜನ ಮುತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ, ಬಿಲ್ಲಿನವಳ ಮುಂದೆ ಅಷ್ಟು ನೂಕುನುಗ್ಗಲಿಲ್ಲ. 1117ರಿಂದ ನಿಂತಿದ್ದಾಳೆ. ಹೆಣ್ಣುಮಗಳಿಗೆ ಗುರಿ ಯಾಕೆ ಎಂದು ಹ್ಯಾಂಡ್‌ಪೋಸ್ಟಿನಲ್ಲಿ ಗೊಣಗಿದವರಿಗೆ ಅವಳ ವಿಳಾಸ ಕೊಟ್ಟು ಕಳಿಸಿದೆ.

ಭಾರದ ಮಾತಿಗೆ ಬರೋಣ. ದೊಡ್ಡವರ ಏರ್ ಪಿಸ್ತೂಲು ಹತ್ತಿರ ಹತ್ತಿರ ಒಂದು ಕಿಲೊ ತೂಗುತ್ತದೆ, ನಿಯಮದಲ್ಲಿ ಒಂದೂವರೆ ಕಿಲೊವರೆಗೂ ಬಿಟ್ಟಿದ್ದಾರೆ. ಒಂದು ಕಿಲೊ ಏನು ಮಹಾ ಎಂದು ಭಾವ ನಕ್ಕ. ಒಂದು ಲೀಟರಿನ ನೀರಿನ ಬಾಟಲಿ ಕೊಟ್ಟು, ತೋಳು ನೀಟಾಗಿ ಚಾಚಿ ಒಂದೇ ಕೈಯಲ್ಲಿ ಹಿಡಿಯಿರಿ ಭಾವ, ಇನ್ನೊಂದು ಕೈ ಜೇಬಿನಲ್ಲಿರಲಿ ಅಂದೆ. ಗೊಬ್ಬರದ ಮೂಟೆ ಎತ್ತುವ ಆ ತೋಳು ಸ್ವಲ್ಪ ಹೊತ್ತಿಗೇ ಗಡಗಡ ನಡುಗಿತು. ಪಂದ್ಯದಲ್ಲಿ ಹೀಗೆ ಅರವತ್ತು ಸಲ ಎತ್ತಿ ಇಳಿಸಬೇಕು, ಒಂದೂಕಾಲು ಗಂಟೆಯಲ್ಲಿ. ಹತ್ತು ಅಂಕದ ವೃತ್ತ ಹತ್ತು ಮೀಟರ್ ಆಚೆ, ಅಗಲ ಹನ್ನೊಂದೂವರೆ ಮಿಲಿಮೀಟರ್. ರೂಪಾಯಿ ನಾಣ್ಯದ ಅರ್ಧ. ಮಕ್ಕಳಿಗೆಂದೇ ನಳಿಗೆ ಮೊಟಕು ಮಾಡಿ ತೂಕ ಇಳಿಸಿದ ಪಿಸ್ತೂಲುಗಳನ್ನು ತಯಾರಕರು ಮಾಡುವುದು ಇದಕ್ಕೇ.

ಟ್ರಿಗರಿಗೂ ತೂಕ ಉಂಟು. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ ಐನೂರು ಗ್ರಾಂ ತಡೆಯಬೇಕು, ಪಂದ್ಯದಲ್ಲಿ ತೂಕದ ಬಟ್ಟು ನೇತುಹಾಕಿ ನೋಡುತ್ತಾರೆ. ಅದನ್ನು ಜಗ್ಗಬಾರದು, ಒತ್ತುತ್ತಾ ಹೋಗಬೇಕು, ಸಿಡಿದದ್ದು ಒತ್ತಿದವನಿಗೇ ಅಚ್ಚರಿಯಾಗಬೇಕು. ಬಸ್ಸಿನ ಬೆಲ್ಲಿನ ಹಗ್ಗ ಎಳೆದು ಬೆಳೆದ ನಮ್ಮ ತಲೆಮಾರಿಗೆ ಇದು ದಕ್ಕುವ ವಿದ್ಯೆಯಲ್ಲ.

ಇನ್ನು ಗಾಳಿ. ಈಗಿನ ಪಂದ್ಯದ ಪಿಸ್ತೂಲಿನಲ್ಲಿ ಪುಟ್ಟ ಸಿಲಿಂಡರ್ ಇರುತ್ತದೆ, ಅದಕ್ಕೆ 200 ಬಾರ್ ಒತ್ತಡದ ಗಾಳಿ ತುಂಬಬೇಕು. ಪಕ್ಕದ ಪಂಕ್ಚರ್ ಅಂಗಡಿಯವರು ಉತ್ಸಾಹದಿಂದ ಎದ್ದು ಬಂದರು. “ತನ್ನಿ ಅಣ್ಣ, ಎಷ್ಟು ಪೌಂಡ್ ಹೊಡೀಲಿ?” ಕಾರಿನ ಟೈರಿಗೆ ಮೂವತ್ತು ಚಿಲ್ಲರೆ ಪೌಂಡು ಹಾಕುವ ಅವರಿಗೆ ಎರಡು ಸಾವಿರದ ಒಂಬೈನೂರು ಅಂದೆ. ಅವರು ಮಾತಾಡದೆ ಕಂಪ್ರೆಸರ್ ಆರಿಸಿಬಿಟ್ಟರು. ತುಂಬಲು ಅದಕ್ಕೆಂದೇ ಇರುವ ಪಂಪು, ಇಲ್ಲವೇ ದೊಡ್ಡ ಸಿಲಿಂಡರ್ ಬೇಕು. ಸಿಲಿಂಡರಿಗೂ ಆಯುಸ್ಸು ಉಂಟು, ಹತ್ತು ವರ್ಷ. ಹಳೆಯದು ಅಗ್ಗಕ್ಕೆ ಸಿಕ್ಕಿತು ಎಂದು ಕುಣಿಯುವವರು ಮೊದಲು ಅದರ ಮೇಲಿನ ತಾರೀಕು ಓದಬೇಕು.

ಬೆಲೆ ಹೇಳಿದಾಗ ಭಾವನ ಮುಖ ನೋಡಬೇಕಿತ್ತು. ಹೊರದೇಶದ ಒಳ್ಳೆಯ ಏರ್ ಪಿಸ್ತೂಲು ಸಲೀಸಾಗಿ ಲಕ್ಷ ದಾಟುತ್ತದೆ. ಅವನಿಗೆ ರೂಪಾಯಿಯಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ, ಕೊಬ್ಬರಿಯಲ್ಲಿ ಹೇಳಬೇಕು. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಕೊಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 12,000. ಒಂದೂವರೆ ಲಕ್ಷ ಎಂದರೆ ಹನ್ನೆರಡೂವರೆ ಕ್ವಿಂಟಾಲ್. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾದು ಒಣಗಿದ ಕೊಬ್ಬರಿ ಕಣ್ಣ ಮುಂದೆ ಉರುಳಿ ಉರುಳಿ ಇಳಿದುಹೋಗುವುದನ್ನು ಭಾವ ಕಂಡ. “ಅಷ್ಟು ಕೊಟ್ರೆ ಗುರಿ ತಂತಾನೇ ಬೀಳ್ತದಾ?” ಅಂದ. ಸಂಜೆಯವರೆಗೆ ಅಲ್ಲಿ ಆಡಿದ ಮಾತುಗಳಲ್ಲಿ ತೂಕದ್ದು ಅದೊಂದೇ.

ಬೀಳುವುದಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರನ್ನು ನೋಡಿ. ತಂದೆಯೂ ಶೂಟರ್, ಮಗ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು ಬಿಟ್ಟು ಬಂದವರು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್ಪಿನ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದಾಗ ಅವರಿಗೆ ಮೂವತ್ತೇಳು. ಅದೇ ವರ್ಷ ಮುಖದ ಪಾರ್ಶ್ವವಾಯು ಬಡಿಯಿತು. ಮಾರನೆಯ ವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದು ತಡವಾಗಿ ಪಿಸ್ತೂಲು ಹಿಡಿದವರು. ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಎರಡು ಬೆಳ್ಳಿ ತಂದರು. ಇನ್ನು ಮನು ಭಾಕರ್ ಕೈಯಲ್ಲಿ ಟೋಕಿಯೊದಲ್ಲಿದ್ದದ್ದೇನು ಅಗ್ಗದ ಮಾಲೇ? ಪಂದ್ಯದ ಮಧ್ಯೆ ಅದರ ಲಿವರ್ ಮುರಿದು, ಅಮೂಲ್ಯ ನಿಮಿಷಗಳು ಹೋಗಿ, ಫೈನಲ್ ತಪ್ಪಿತು. ಪ್ಯಾರಿಸ್ಸಿಗೆ ಕಾಯುವ ತಾಳ್ಮೆಯನ್ನು ಯಾವ ಅಂಗಡಿಯಲ್ಲೂ ತೂಕ ಮಾಡಿ ಕೊಡುವುದಿಲ್ಲ.

ಹಾಗಾಗಿ ಭಾವನಿಗೆ ನಾನು ಹೇಳಿದ್ದು ಇಷ್ಟು. ದುಡ್ಡನ್ನು ಮೊದಲು ಅರಸೀಕೆರೆಯಿಂದ ಬೆಂಗಳೂರಿಗೆ ಹೋಗುವ ರೈಲಿಗೂ, ಕಲಿಸುವವರ ಫೀಸಿಗೂ, ಪೆಲೆಟ್ ಡಬ್ಬಿಗಳಿಗೂ ಹಾಕಿ. ಶೂಟಿಂಗ್ ರೇಂಜಿನ ಪಿಸ್ತೂಲನ್ನೇ ಒಂದಷ್ಟು ತಿಂಗಳು ಹಿಡಿಯಲಿ, ಯಾವ ಹಿಡಿ ಕೂರುತ್ತದೆ, ಯಾವ ಕಣ್ಣು ಗುರಿ ಹಿಡಿಯುತ್ತದೆ ತಿಳಿಯಲಿ. ಪೆಲೆಟ್ ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆಯದೆ ಕೋಡುಬಳೆಗೆ ಕೈ ಹಾಕದಿರಲಿ. ಮುಂದೆ ಸ್ವಂತದ್ದು ಬಂದ ಮೇಲೆ ಪೆಟ್ಟಿಗೆಗೆ ಬೀಗ, ಕೀಲಿ ಅಕ್ಕನ ಕೈಯಲ್ಲಿ. ಬಸ್ಸಿನಲ್ಲಿ ಯಾರು ಎಷ್ಟು ಗೋಗರೆದರೂ ಪೆಟ್ಟಿಗೆ ತೆಗೆಯಬಾರದು, ಕಂಡಕ್ಟರ್ ಸೀದಾ ಠಾಣೆಯ ಮುಂದೆ ನಿಲ್ಲಿಸುತ್ತಾನೆ. ಆಯುಧಪೂಜೆಯ ದಿನ ಕುಂಕುಮ ಪೆಟ್ಟಿಗೆಯ ಹೊರಗೆ ಹಚ್ಚಿ, ನಳಿಗೆಯ ಒಳಗಲ್ಲ.

ಮಕ್ಕಳಿಗೆ ಪಿಸ್ತೂಲು ಕೊಡಿಸಬೇಕೆಂದಿರುವ ಅಪ್ಪಂದಿರಲ್ಲಿ ನನ್ನ ಬಿನ್ನಹವೂ ಅದೇ: ಮೊದಲನೆಯದು ರೇಂಜಿನದ್ದೇ ಇರಲಿ. ಸ್ವಂತಕ್ಕೆ ಕೊಳ್ಳುವ ದಿನ ಅಂಗಡಿಗೆ ಮಗುವನ್ನು ಕರೆದುಕೊಂಡು ಹೋಗಿ, ದೊಡ್ಡಪ್ಪನನ್ನು ಮನೆಯಲ್ಲಿ ಬಿಟ್ಟು ಹೋಗಿ.