ಟೈರಣ್ಣ

ನಮ್ಮೂರಿನ ಟೈರಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ರೇಷನ್ ಕಾರ್ಡಿನಲ್ಲೂ ಸೊಸೈಟಿಯ ಸಾಲದ ಪುಸ್ತಕದಲ್ಲೂ ಸುಖವಾಗಿದೆ. ಊರಿಗೆ ಯಾವ ಗಾಡಿ ಬರಲಿ, ಮೊದಲು ಬಗ್ಗಿ ಗಾಲಿ ನೋಡಿ, ಹಿಮ್ಮಡಿಯಲ್ಲಿ ಎರಡು ಒದ್ದು, ಆಮೇಲೆ ತಲೆಯೆತ್ತಿ ಒಳಗೆ ಯಾರಿದ್ದಾರೆ ಅಂತ ನೋಡುವವನಿಗೆ ಬೇರೆ ಹೆಸರು ಒಪ್ಪುವುದೂ ಇಲ್ಲ. ಒಮ್ಮೆ ದಿಬ್ಬಣದ ಕಾರು ಗುಡಿ ಮುಂದೆ ನಿಂತಿದೆ, ಹೆಣ್ಣಿನ ಕಡೆಯವರು ಆರತಿ ತಟ್ಟೆ ಹಿಡಿದು ಕಾಯುತ್ತಿದ್ದಾರೆ. ಇವನು ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ‘ಇದು 2316 ಕಣ್ರೀ’ ಅಂದ. ಗಂಡಿನ ಸೋದರಮಾವ ಕಾರಿನ ನಂಬರು ಕೇಳಿದ ಅಂದುಕೊಂಡು ‘ಅಲ್ಲ’ ಅಂದರು. ಟೈರಿನ ಪಕ್ಕೆಯ ಮೇಲಿನ ಆ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ, ಅಂದರೆ ಇದು 2016ರ 23ನೇ ವಾರ ಹುಟ್ಟಿದ ರಬ್ಬರು, ಗಂಡಿನ ಜಾತಕ ನೋಡಿದವರು ಇದನ್ನೂ ನೋಡಬಾರದಿತ್ತೇ ಅಂತ ಅವನು ವಿವರಿಸಿ ಮುಗಿಸುವಷ್ಟರಲ್ಲಿ ಆರತಿಯೇ ಆರಿಹೋಗಿತ್ತು.

ಇಂಥವನೊಬ್ಬ ಪ್ರತಿ ಊರಲ್ಲೂ ಇರುತ್ತಾನೆ. ಕೆಲವು ಊರಲ್ಲಿ ಅವನ ವಿಷಯ ಬೋರ್‌ವೆಲ್ ಪಾಯಿಂಟು, ಕೆಲವು ಕಡೆ ಮೂಲವ್ಯಾಧಿಗೆ ನಾಟಿ ಔಷಧಿ. ನನ್ನ ಪಾಲಿಗೆ ಬಂದದ್ದು ಟೈರು. ಅವನು ನನಗಿಂತ ಒಂದೇ ವರ್ಷ ದೊಡ್ಡವನು, ಏಳನೇ ಕ್ಲಾಸಿನ ತನಕ ಒಂದೇ ಬೆಂಚು. ಆದರೂ ನಾನು ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ಸೇರಿದ ದಿನದಿಂದ ‘ಮೇಷ್ಟ್ರೇ’ ಅನ್ನುತ್ತಾನೆ. ಅದರಲ್ಲಿ ಮರ್ಯಾದೆ ಎಷ್ಟು, ಲೇವಡಿ ಎಷ್ಟು ಅನ್ನುವ ಲೆಕ್ಕ ನನಗಿನ್ನೂ ಬಿಡಿಸಲಾಗಿಲ್ಲ.

ನಿವೃತ್ತಿಯ ದುಡ್ಡಿನಲ್ಲಿ ನಾನೊಂದು ಸಣ್ಣ ಟ್ರ್ಯಾಕ್ಟರು ತಂದೆ. ಚನ್ನಗಿರಿ ಸೀಮೆಯಲ್ಲಿ ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ಅಡಿಕೆ ಗಿಡ ಒಂಬತ್ತು ಅಡಿಗೊಂದು ನಿಂತಿರುತ್ತದೆ, ದೊಡ್ಡ ಗಾಡಿ ನುಗ್ಗಿದರೆ ಸೋಗೆಯೂ ಹೋಯಿತು, ಬುಡವೂ ಹೋಯಿತು. ಇದು 24 ಎಚ್‌ಪಿ, ಮೂರೂವರೆ ಅಡಿ ಅಗಲ, ಸಾಲಿನ ನಡುವೆ ಮದುವಣಗಿತ್ತಿಯ ಹಾಗೆ ಹೋಗಿಬರುತ್ತದೆ. ಪೂಜೆ ಮಾಡಿಸಿ, ನಿಂಬೆಹಣ್ಣು ಇಟ್ಟು, ಗಾಲಿ ಹತ್ತಿಸುವ ಮುಂಚೆಯೇ ಟೈರಣ್ಣ ಬಂದ. ನಿಂಬೆಹಣ್ಣನ್ನು ಪಕ್ಕಕ್ಕೆ ಸರಿಸಿದ. ಹೆಬ್ಬೆರಳಿನಿಂದ ಪಕ್ಕೆ ಒತ್ತಿದ. ಮೂಸಿದ. ‘ಗಾಡಿ ಚೆನ್ನಾಗಿದೆ ಮೇಷ್ಟ್ರೇ’ ಅಂದ. ಆ ‘ಗಾಡಿ’ಯ ಮೇಲೆ ಬಿದ್ದ ಒತ್ತಿನಲ್ಲೇ ಮುಂದಿನ ಐದು ವರ್ಷದ ನನ್ನ ಬದುಕು ಬರೆದಾಗಿತ್ತು.

ಮೊದಲ ವರ್ಷ ಪಾಠ. ಹಿಂದಿನ ಗಾಲಿಯ ಮೇಲೆ 8.3-20 ಅಂತ ಇತ್ತು. ಅವನು ಅದನ್ನು ‘ಎಂಟೂಮೂರು ಇಪ್ಪತ್ತು’ ಅಂತ ರೈಲಿನ ಟೈಮಿನ ಹಾಗೆ ಓದುತ್ತಾನೆ. 8.3 ಅಂಗುಲ ಟೈರಿನ ಅಗಲ, 20 ಅಂಗುಲ ರಿಮ್ಮಿನ ಅಳತೆ. ನಡುವಿನ ಗೀಟು ಸುಮ್ಮನೆ ಎಳೆದದ್ದಲ್ಲ, ಒಳಗಿನ ನೂಲು ಅಡ್ಡಡ್ಡ ಹಾದಿದೆ ಅಂತ ಅದರ ಅರ್ಥ, ರೇಡಿಯಲ್ ಆಗಿದ್ದರೆ ಅಲ್ಲೊಂದು ಆರ್ ಇರುತ್ತಿತ್ತು. 6 ಪಿಆರ್ ಅಂದರೆ ಆರು ಪದರ ಅಂತ ಷೋರೂಮಿನ ಹುಡುಗ ನನಗೆ ಹೇಳಿ ಕಳಿಸಿದ್ದ. ಟೈರಣ್ಣ ನಕ್ಕ. ಅದು ಟೈರಿನೊಳಗೆ ಹತ್ತಿ ಬಟ್ಟೆ ಹಾಕುತ್ತಿದ್ದ ಕಾಲದ ಲೆಕ್ಕ, ಈಗ ನೈಲಾನ್, ಪದರ ಕಮ್ಮಿ, ಶಕ್ತಿ ಮಾತ್ರ ಆರರದು. ಕಿಲೋ ಬಂದ ಮೇಲೂ ಅಜ್ಜಿ ಸೇರಿನಲ್ಲೇ ಹೇಳುತ್ತಿದ್ದಳಲ್ಲ, ಹಾಗೆ. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವನು ಟೈರಿನ ಮುಂದೆ ಬಗ್ಗಿ ನಿಂತು ಹೂಂಗುಟ್ಟಿದೆ.

ಅವನ ಜ್ಞಾನವನ್ನು ಮುರಿಯಬೇಕು ಅಂತ ನಾನೂ ಓದಿಕೊಂಡು ಹೋದದ್ದುಂಟು. ಅಮೆರಿಕದಲ್ಲಿ ಟ್ರ್ಯಾಕ್ಟರಿಗೆ ಕಬ್ಬಿಣದ ಚಕ್ರವೇ ಇದ್ದದ್ದು, 1932ರಲ್ಲಿ ಆಲಿಸ್-ಚಾಮರ್ಸ್ ಅನ್ನುವ ಕಂಪನಿ ಗಾಳಿ ಟೈರು ಹಾಕಿದ್ದು, ರೈತರು ನಂಬಲಿ ಅಂತ ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಕಾರ್ ರೇಸಿನವನನ್ನು ಕರೆಸಿ 1933ರಲ್ಲಿ ಟ್ರ್ಯಾಕ್ಟರನ್ನು ಗಂಟೆಗೆ 64 ಮೈಲಿ ಓಡಿಸಿದ್ದು, ಅಂದರೆ ನಮ್ಮ ಲೆಕ್ಕದಲ್ಲಿ ನೂರು ಕಿಲೋಮೀಟರಿಗೂ ಮೇಲೆ, ಎಲ್ಲ ಹೇಳಿದೆ. ಟೈರಣ್ಣ ಎಲೆಯಡಿಕೆ ಜಗಿಯುವುದನ್ನೂ ನಿಲ್ಲಿಸಿ ಕೇಳಿದ. ನಾನು ಗೆದ್ದೆ ಅಂದುಕೊಂಡೆ.

‘ಗಾಳಿ ಎಷ್ಟು ಹಾಕಿದ್ದನಂತೆ?’ ಅಂದ.

ಗಾಳಿಯೇ ನಮ್ಮಿಬ್ಬರ ದಾಯಾದಿ ಜಗಳ. ಟೈರು ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ನನಗೆ ನೆಮ್ಮದಿ, ಪೇಟೆಗೆ ಹೋದಾಗಲೆಲ್ಲ 30 ತುಂಬಿಸಿಕೊಂಡು ಬರುತ್ತಿದ್ದೆ. ಕಾಫಿ ತರೋಣ ಅಂತ ಒಳಗೆ ಹೋದರೆ ಅಂಗಳದಲ್ಲಿ ‘ಬುಸ್ಸ್’ ಅಂತ ಸದ್ದು. ಓಡಿ ಬಂದರೆ ಟೈರಣ್ಣ ವಾಲ್ವಿನ ಪಿನ್ನು ಒತ್ತಿಕೊಂಡು, ಪೂಜಾರಿಯ ಹಾಗೆ ಅರ್ಧ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಕೇಳುವುದಿಲ್ಲ, ಹೇಳುವುದಿಲ್ಲ. ಹದಿನಾಲ್ಕಕ್ಕೆ ಇಳಿಸಿಯೇ ಏಳುವುದು. ‘ಅಲ್ರೀ ಮೇಷ್ಟ್ರೇ, ಗಾಲಿಯೊಳಗೆ ಎಷ್ಟು ಒತ್ತಡ ಇದೆಯೋ ಹೆಚ್ಚುಕಮ್ಮಿ ಅಷ್ಟೇ ಮಣ್ಣಿನ ಮೇಲೆ ಬೀಳ್ತದೆ. ಇದು ತೋಟ, ಟಾರು ರಸ್ತೆಯಲ್ಲ. ಎರೆಹುಳ ನಿಮ್ಮ ಹೆಸರು ಹೇಳಿ ಸಾಯ್ತವೆ.’ ಮಾತು ಸರಿ. ಆದರೆ ಟ್ರಾಲಿ ಕಟ್ಟಿಕೊಂಡು ಮಂಡಿಗೆ ಹೋಗುವ ದಿನ ಅದೇ ಗಾಳಿ ವಾಪಸು ಬೇಕಲ್ಲ? ಅದಕ್ಕೆ ಅವನ ಮನೆಯಲ್ಲಿ ಒಂದು ಕೈಪಂಪು ಇತ್ತು. ಪಂಪು ಅವನದು, ಕೈ ನನ್ನದು. ಅವನು ಎಣಿಸುತ್ತಿದ್ದ. ಮಧ್ಯೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿ ಹಿಂದಿನ ಐವತ್ತಕ್ಕೆ ಹೋಗುತ್ತಿದ್ದ.

ಮಿಕ್ಕ ಗುಣಗಳನ್ನು ಬೇಗ ಹೇಳಿಬಿಡುತ್ತೇನೆ. ಕೊಂಡ ಮೇಲೆ ರೇಟು ಕೇಳಿ ‘ಹೋಯ್ತು ಬಿಡಿ’ ಅನ್ನುತ್ತಾನೆ. ಮೈಸೂರಿನ ವಿಕ್ರಾಂತ್ ಟೈರು 1997ರಲ್ಲಿ ಜೆಕೆಯವರ ಕೈಗೆ ಹೋದದ್ದನ್ನು ಮನೆಮಗಳನ್ನು ದೂರದೂರಿಗೆ ಕೊಟ್ಟವರ ದನಿಯಲ್ಲಿ ಈಗಲೂ ಹೇಳುತ್ತಾನೆ. ತನ್ನ ಮೊಪೆಡ್ಡಿನ ಎರಡೂ ಟೈರು ನನ್ನ ತಲೆಯಷ್ಟೇ ನುಣುಪು. ಕೇಳಿದರೆ, ‘ಇದರ ಮೇಲೆ ಕೂರೋದು ನಾನೊಬ್ನೇ ಅಲ್ವಾ’ ಅನ್ನುತ್ತಾನೆ.

ಈಗ ಮುಖ್ಯ ವಿಷಯ. ನಮ್ಮದು ಜಲ್ಲಿಗಲ್ಲಿನ ದಾರಿ, ಐದನೇ ವರ್ಷಕ್ಕೆ ಹಿಂದಿನ ಟೈರು ಸವೆದವು. ಹೊಸದು ಯಾವುದು ಅನ್ನುವ ಚರ್ಚೆ ಎರಡು ತಿಂಗಳು ನಡೆಯಿತು. ಒಣಭೂಮಿಗೆ ಆರ್-1 ಅನ್ನುವ ಮಾದರಿ, ಕೆಸರುಗದ್ದೆಗೂ ಕಬ್ಬಿಗೂ ಆಳದ ಗ್ರಿಪ್ಪಿರುವ ಆರ್-2, ಹುಲ್ಲುಹಾಸು ಕೆಡಬಾರದು ಅನ್ನುವವರಿಗೆ ಸಣ್ಣ ಗ್ರಿಪ್ಪಿನ ಆರ್-3. ನನ್ನ ಕಣ್ಣು ಆರ್-2ರ ಮೇಲೆ, ನೋಡಲು ಹುಲಿಯ ಹಾಗಿತ್ತು. ಅರ್ಧ ಎಕರೆ ಗದ್ದೆಯೂ ಇದೆಯಲ್ಲ ಅಂತ ನೆಪ. ಟೈರಣ್ಣ ಅಡಿಕೆ ಮರದ ಬುಡದಲ್ಲಿ ಕೂತು ಬೆರಳಲ್ಲೇ ಮಣ್ಣು ಕೆದಕಿದ. ಒಂದು ಗೇಣು ಹೋಗುವ ಮುಂಚೆ ಬೇರು ಸಿಕ್ಕಿತು. ‘ಆ ಗ್ರಿಪ್ಪು ಸಾಲಿನ ಕೊನೇಲಿ ತಿರುಗಿದರೆ ಇದೆಲ್ಲ ಬಾಚಣಿಗೆ ಆಡಿಸ್ದಂಗೆ ಎದ್ದು ಬರ್ತದೆ. ಗದ್ದೆಗೆ ಕೇಜ್ ವೀಲ್ ಬಾಡಿಗೆಗೆ ತಗೊಳ್ರಿ.’ ಒಪ್ಪಿದೆ. ಒಪ್ಪಿದ್ದೇ ನನ್ನೊಳಗೆ ಕುದಿಯತೊಡಗಿತು. ನನ್ನ ಟ್ರ್ಯಾಕ್ಟರು, ನನ್ನ ಪಿಂಚಣಿ, ಎಲ್ಲದಕ್ಕೂ ಇವನ ಅಪ್ಪಣೆಯೇ?

ಒಂದು ಬುಧವಾರ ಅವನು ಮಗಳ ಊರಿಗೆ ಹೋಗಿದ್ದ. ಸೆರೆಮನೆಯ ಬಾಗಿಲು ತೆರೆದವನ ಹಾಗೆ ಪೇಟೆಗೆ ಹೋದೆ. ಅಂಗಡಿಯಲ್ಲಿ ಎಂಟೂಮೂರು ಇಪ್ಪತ್ತು ಇರಲಿಲ್ಲ. ‘ಅದರ ಮೇಲಿನ ಸೈಜು ಇದೆ ಸಾರ್, ಇದೇ ರಿಮ್ಮಿಗೆ ಕೂರ್ತದೆ, ಗಾಡಿ ಎತ್ತರ ಬರ್ತದೆ, ಲುಕ್ ಬೇರೆ’ ಅಂದರು. ಲುಕ್ ಅನ್ನುವ ಮಾತಿಗೆ ಈ ವಯಸ್ಸಿನಲ್ಲೂ ನಾನು ಸೋಲುತ್ತೇನೆ ಅಂತ ಗೊತ್ತಿರಲಿಲ್ಲ. ಹಾಕಿಸಿಕೊಂಡು ಬಂದೆ. ಗಾಡಿ ಹಿಂದೆ ಎತ್ತರವಾಗಿ, ಮುಂದೆ ಬಗ್ಗಿ, ಬಸವಣ್ಣ ಮೊಣಕಾಲೂರಿದ ಹಾಗೆ ಕಾಣುತ್ತಿತ್ತು. ನನಗೆ ಅದೂ ಚೆಂದವೇ.

ಮೂರು ದಿನಕ್ಕೆ ಸ್ಟೇರಿಂಗು ಭಾರವಾಯಿತು. ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಲಿವರ್ ಒಮ್ಮೆ ಹಾಕಿದರೆ ಬಿಡಿಸುವುದೇ ಕಷ್ಟ. ಗಟ್ಟಿ ನೆಲದಲ್ಲಿ ಹೊಟ್ಟೆಯೊಳಗಿಂದ ನರಳುವ ಸದ್ದು. ಟೈರಣ್ಣ ಶನಿವಾರ ಸಂಜೆ ಬಂದ. ಗಾಡಿಯ ಕಡೆ ನೋಡಲೇ ಇಲ್ಲ. ತೋಟದ ದಾರಿಯಲ್ಲಿ ಮಣ್ಣಿನ ಮೇಲಿನ ಗುರುತು ನೋಡುತ್ತ ಬಂದವನು ಅಲ್ಲೇ ನಿಂತ.

‘ಮುಂದಿನ ಗಾಲಿ ನಡೀತಾ ಇಲ್ಲ ಮೇಷ್ಟ್ರೇ. ಎಳೆಸ್ಕೊಂಡು ಬಂದಿದೆ.’

ಬಗ್ಗಿ ನೋಡಿದೆ. ಹಿಂದಿನ ಗಾಲಿಯ ಅಚ್ಚು ಚಕ್ಕುಲಿ ಒರಳಿನಿಂದ ಬಿದ್ದಷ್ಟು ಸ್ಪಷ್ಟ. ತಿರುವಿನಲ್ಲಿ ಮುಂದಿನದು ಬೇರೆಯಾಗಿ ಕಾಣುವ ಕಡೆ ಮಾತ್ರ, ಬೆರಳಲ್ಲಿ ಒರೆಸಿದ ಕುಂಕುಮದ ಹಾಗೆ ಉಜ್ಜಿಹೋಗಿತ್ತು. ನಾಲ್ಕು ಗಾಲಿ ಓಡಿಸುವ ಗಾಡಿಯಲ್ಲಿ ಮುಂದಿನವು ಹಿಂದಿನವುಗಳಿಗಿಂತ ನೂರಕ್ಕೆ ಒಂದರಿಂದ ಐದರಷ್ಟು ಹೆಚ್ಚು ದೂರ ಉರುಳುವಂತೆ ಗೇರನ್ನು ಮೊದಲೇ ಕಟ್ಟಿರುತ್ತಾರಂತೆ, ಮುಂದಿನದು ಸದಾ ಒಂಚೂರು ಎಳೆಯುತ್ತಿರಬೇಕು. ಹಿಂದಿನದನ್ನು ಮಾತ್ರ ದೊಡ್ಡದು ಮಾಡಿದರೆ ಲೆಕ್ಕ ತಿರುಗುಮುರುಗು, ಮುಂದಿನದೇ ಬ್ರೇಕು. ಬದಲಿಸಿದರೆ ನಾಲ್ಕನ್ನೂ ಹೊಂದಿಸಿ ಬದಲಿಸಬೇಕು. ಅವನು ಹಗ್ಗ ತಂದ. ಕೊಟ್ಟಿಗೆ ಹಿಂದೆ ಬಿದ್ದಿದ್ದ ಹಳೆಯದಕ್ಕೆ ಒಂದು ಸುತ್ತು, ಹೊಸದಕ್ಕೆ ಒಂದು ಸುತ್ತು. ಹಳೆಯದು 9 ಅಡಿ 2 ಅಂಗುಲ, ಹೊಸದು 9 ಅಡಿ 11. ನೂರಕ್ಕೆ ಎಂಟು ಹೆಚ್ಚು. ಅದನ್ನು ಬಾಯಲ್ಲೇ ಭಾಗಿಸಿ ಹೇಳಿದ್ದು ನಾನೇ. ವೃತ್ತದ ಪರಿಧಿ ಅನ್ನುವ ಅಧ್ಯಾಯವನ್ನು ಎಷ್ಟು ಬ್ಯಾಚಿಗೆ ಮಾಡಿದ್ದೇನೋ ಲೆಕ್ಕವಿಲ್ಲ.

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವನು ಬೈಯಲಿಲ್ಲ. ‘ಹೋಯ್ತು ಬಿಡಿ’ ಅಂದ, ಅಷ್ಟೇ. ಓಡಿದ ಮಾಲು ಅಂತ ಅಂಗಡಿಯವರು ಅರ್ಧ ರೇಟಿಗೆ ವಾಪಸು ತಗೊಂಡರು. ಸರಿಯಾದ ಸೈಜು ಬರಲು ಹದಿನೈದು ದಿನ ಹಿಡಿಯಿತು. ಅಷ್ಟೂ ದಿನ ಅವನು ಊರಲ್ಲಿ ಯಾರಿಗೂ ಈ ಸುದ್ದಿ ಹೇಳಲಿಲ್ಲ ಅನ್ನುವುದನ್ನು ನಾನು ಇವತ್ತಿಗೂ ನಂಬಲಾರೆ.

ಗುರುತು ಓದುವುದನ್ನು ಅವನು ಕಲಿತದ್ದು ಅಪ್ಪನಿಂದ. ನಮ್ಮೂರಿಗೆ ಮೊದಲ ಟೈರ್ ಗಾಡಿ ತಂದವರು ಅವರು. ಅದಕ್ಕೆ ಮುಂಚೆ ಎಲ್ಲ ಕಬ್ಬಿಣದ ಹಳಿಯ ಮರದ ಚಕ್ರ. ಮಳೆಗಾಲದ ಬೆಳಿಗ್ಗೆ ಶಾಲೆಗೆ ಹೋಗುವಾಗ ಇವನು ಕೆಸರು ನೋಡಿ, ಯಾರ ಗಾಡಿ, ಎಷ್ಟು ಹೇರು, ಬಲಗಡೆ ಎತ್ತು ಕುಂಟುತ್ತಿದೆಯೋ ಇಲ್ಲವೋ ಹೇಳುತ್ತಿದ್ದ. ಆಮೇಲೆ ಮೂವತ್ತು ವರ್ಷ ಬೇರೆಯವರ ಟ್ರ್ಯಾಕ್ಟರು ಓಡಿಸಿದ. ಸ್ವಂತದ್ದು ಎರಡೆಕರೆ ಇತ್ತು. ಐದು ಬೋರು ಕೊರೆಸಿದ, ಐದರಲ್ಲೂ ದೂಳೆದ್ದಿತು, ಆರನೆಯದಕ್ಕೆ ಹೊಲವೇ ಉಳಿಯಲಿಲ್ಲ. ಈಗ ಅವನು ಗಾಲಿ ಉರುಳಿಸಬಹುದಾದ ಮಣ್ಣು ಅಂದರೆ ನನ್ನ ತೋಟ. ಇದನ್ನು ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದೇ ಹೊರತು ಅವನ ಮುಂದೆ ಆಡಿಲ್ಲ. ಆಡಿದರೆ ಇನ್ನಷ್ಟು ಗಾಳಿ ಬಿಟ್ಟಾನು.

ಹೋದ ತಿಂಗಳು ಎಡಗಡೆ ಹಿಂದಿನ ಟೈರು ಪಂಚರಾಗಿ, ತೇಪೆ ಹಾಕಿಸಿ ತಂದೆ. ಮರುದಿನ ತೋಟದಲ್ಲಿ ಹಿಂದೆ ತಿರುಗಿ ನೋಡಿದರೆ ಅಚ್ಚು ಎರಡು ಥರ. ಗ್ರಿಪ್ಪಿನ ಬಾಣದ ಮೂತಿ ಮೊದಲು ನೆಲ ಮುಟ್ಟಬೇಕು, ಹಾಗಾದಾಗ ಮಣ್ಣಿನ ಮೇಲೆ ಆ ಮೂತಿ ಬಂದ ದಾರಿಯ ಕಡೆಗೆ ಮುಖ ಮಾಡಿರುತ್ತದೆ. ಬಲಗಡೆ ಹಾಗೇ ಇತ್ತು. ಎಡಗಡೆಯದು ಮುಂದಕ್ಕೆ ನೋಡುತ್ತಿತ್ತು. ಪಂಚರ್ ಅಂಗಡಿಯಲ್ಲಿ ತಿರುಗಿಸಿ ಹಾಕಿದ್ದರು, ಕೆಸರು ಸಿಡಿದು ಹೋಗದೆ ಒಳಗೇ ಮೆತ್ತಿಕೊಳ್ಳುತ್ತಿತ್ತು. ನನಗೆ ಎಲ್ಲಿಲ್ಲದ ಸಂತೋಷ. ಟೈರಣ್ಣ ನೋಡುವ ಮೊದಲು ನಾನು ನೋಡಿದ್ದು ಇದೇ ಮೊದಲು! ಬೇಕೆಂದೇ ಹಾಗೇ ಬಿಟ್ಟೆ. ಅವನು ಬರಲಿ, ‘ಏನಾದ್ರೂ ಕಾಣಿಸ್ತಾ ಟೈರಣ್ಣ?’ ಅಂತ ಕೇಳಬೇಕು.

ಬಂದ. ಅಚ್ಚಿನ ಮೇಲೆಯೇ ನಡೆದು ಬಂದ. ನಿಲ್ಲಲಿಲ್ಲ. ಎರಡನೇ ದಿನವೂ ಅಷ್ಟೇ, ಆ ಗುರುತನ್ನು ತುಳಿದುಕೊಂಡೇ ಬಂದು ಜಗಲಿಯ ಮೇಲೆ ಕೂತ. ಕಾಫಿ ಲೋಟ ತೆಗೆದುಕೊಳ್ಳುವಾಗ ಅವನ ಕೈ ಲೋಟದಿಂದ ಎರಡು ಬೆರಳು ಆಚೆ ಹೋಗಿ, ತಡವರಿಸಿ, ಹಿಂದೆ ಬಂತು. ಪೊರೆ ಬಂದಿದೆಯಂತೆ, ಮಗಳು ಆಪರೇಷನ್ ಮಾಡಿಸು ಅನ್ನುತ್ತಿದ್ದಾಳಂತೆ, ದೀಪಾವಳಿ ಕಳೆಯಲಿ ಅಂದಿದ್ದಾನಂತೆ. ನಾನು ಕೇಳಬೇಕೆಂದಿದ್ದ ಪ್ರಶ್ನೆ ಗಂಟಲಲ್ಲೇ ಉಳಿಯಿತು.

ಮೂರನೇ ಸಂಜೆ ಅವನು ಹೊರಡುವಾಗ ಅಭ್ಯಾಸಬಲದಿಂದ ಟ್ರ್ಯಾಕ್ಟರಿನ ಹತ್ತಿರ ಹೋದ. ಒದೆಯಲಿಲ್ಲ. ಕೂತು, ಬಲಗಡೆ ಗಾಲಿಯ ಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಗೆ ಸವರಿದ. ಎದ್ದು ಸುತ್ತು ಬಳಸಿ ಬಂದು ಎಡಗಡೆಯದನ್ನು ಸವರಿದ. ಕೈ ಅಲ್ಲೇ ನಿಂತಿತು.

‘ಪಂಚರ್‌ನೋನು ಇದನ್ನ ಉಲ್ಟಾ ಹಾಕಿದಾನಲ್ರೀ ಮೇಷ್ಟ್ರೇ. ಮೂರು ದಿನ ಓಡ್ಸಿದೀರಿ, ಕಾಣ್ಲಿಲ್ವಾ ನಿಮಗೆ?’

‘ಕಾಣಲಿಲ್ಲ’ ಅಂದೆ.