ರಜೆಯಲ್ಲಿ ತೊಳೆಯುವ ಕೆಲಸ

ಶಹಾಡ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲು. ಗಲ್ಲಾದ ಮುಂದೆ ಮಗ ಮೊಬೈಲ್ ಹಿಡಿದ.

“ಅಪ್ಪಾ, ಆಸ್ಟ್ರೇಲಿಯಾದ 462 ವೀಸಾ. 2024ರಿಂದ ನಮಗೂ ಉಂಟು. 18ರಿಂದ 30 ವಯಸ್ಸಿನವರಿಗೆ, ವರ್ಷಕ್ಕೆ 1,000 ಜನ, ಲಾಟರಿ. ಹೆಸರು ಕೊಡ್ಲಿಕ್ಕೆ 25 ಡಾಲರ್.”

“ಹೋಗಿ ಎಂತ ಮಾಡುವುದು?”

“ರಜೆ. ಖರ್ಚಿಗೆ ಕೆಫೆಯಲ್ಲಿ ಪ್ಲೇಟ್ ತೊಳೆಯುವುದು.”

ಯಜಮಾನರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದರು. ಹಿಂದಿನ ಮೋರಿಯಲ್ಲಿ ಸಾಂಬಾರಿನ ಬಟ್ಟಲುಗಳ ರಾಶಿ. ಪುತ್ರರತ್ನ ಅದನ್ನು ಮುಟ್ಟಿದ ದಾಖಲೆಯೇ ಇಲ್ಲ.

“ಸಾಮಾನ್ಯವಾಗಿ ಒಬ್ಬ ಧಣಿ ಹತ್ತಿರ ಆರು ತಿಂಗಳಿಗಿಂತ ಹೆಚ್ಚು ದುಡಿಯುವ ಹಾಗಿಲ್ಲ.”

“ನನ್ನ ಹತ್ತಿರ ಆರು ನಿಮಿಷ ನಿಂತಿಲ್ಲವಲ್ಲ ಮಾರಾಯ!”

ಅಮ್ಮ ಅಡುಗೆಮನೆಯಿಂದಲೇ ಕೂಗಿದರು: “ಲಾಟರಿ ಬೀಳಲಿ ಅಂತ ಬಿರ್ಲಾ ಮಂದಿರದ ವಿಠಲನಿಗೆ ಹರಕೆ ಹೇಳಿದ್ದೇನೆ.”

“ಬೀಳದಿರಲಿ ಅಂತ ನಾನೂ ಹೇಳಿದ್ದೇನೆ. ಪ್ಲೇಟಿನ ಹುಡುಗ ಊರಿಗೆ ಹೋಗಿದ್ದಾನೆ.”